ಫೌಂಡೇಶನ್‌ನೊಳಗೆ ಸಾಮಾಜಿಕ ನ್ಯಾಯ ತರುವುದು ಹೇಗೆ? ಮೊದಲು ಲೆಕ್ಕದ ಪುಸ್ತಕ ತೆಗೆಯಿರಿ, ಕಾರ್ಯಾಗಾರ ಆಮೇಲೆ

ಬೆಂಗಳೂರಿನಲ್ಲಿ ಅನುದಾನ ಕೊಡುವ ಫೌಂಡೇಶನ್‌ಗಳಿಗೆ ಈಗ ಬರವಿಲ್ಲ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗಗಳಿವೆ, ಕುಟುಂಬದ ಟ್ರಸ್ಟ್‌ಗಳಿವೆ, ಐಟಿ ದುಡ್ಡಿನಿಂದ ಹುಟ್ಟಿದ ದೊಡ್ಡ ಸಂಸ್ಥೆಗಳಿವೆ. ಹೆಚ್ಚುಕಡಿಮೆ ಎಲ್ಲರ ವೆಬ್‌ಸೈಟಿನಲ್ಲೂ ‘ಅಂಚಿನ ಸಮುದಾಯ’, ‘ಒಳಗೊಳ್ಳುವಿಕೆ’ ಎಂಬ ಮಾತು ಕಾಣುತ್ತದೆ. ಒಳಗೆ ಹೋಗಿ ನೋಡಿದರೆ ಎಷ್ಟೋ ಕಡೆ ಅರ್ಜಿ ಇಂಗ್ಲಿಷಿನಲ್ಲೇ ಬರೆಯಬೇಕು, ದುಡ್ಡು ಒಂದು ವರ್ಷಕ್ಕೆ ಮಾತ್ರ, ತೀರ್ಮಾನ ಮಾಡುವವರೆಲ್ಲ ಒಂದೇ ಥರದ ಶಾಲೆ, ಒಂದೇ ಥರದ ಮನೆಗಳಿಂದ ಬಂದವರು.

ಇದನ್ನು ಬದಲಾಯಿಸಬೇಕು ಎಂದು ಯಾರಾದರೂ ಹೊರಟರೆ ಮೊದಲು ಆಗುವ ಕೆಲಸ ಒಂದು ಕಾರ್ಯಾಗಾರ. ಹೊರಗಿನಿಂದ ತರಬೇತುದಾರರು ಬರುತ್ತಾರೆ, ಎರಡು ದಿನ ರೆಸಾರ್ಟ್, ಗೋಡೆ ತುಂಬಾ ಹಳದಿ ಚೀಟಿ. ಸೋಮವಾರ ಬಂದು ಕೂತರೆ ಅದೇ ಅರ್ಜಿ, ಅದೇ ಸಮಿತಿ. ತರಬೇತಿ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಫೌಂಡೇಶನ್‌ನ ಸ್ವಭಾವ ಇರುವುದು ಅದರ ಫಾರ್ಮಿನಲ್ಲಿ, ಬಜೆಟ್ ಸಾಲುಗಳಲ್ಲಿ, ಚೆಕ್ಕಿಗೆ ಸಹಿ ಹಾಕುವ ಕೈಯಲ್ಲಿ. ಅಲ್ಲಿಂದ ಶುರು ಮಾಡಿದರೆ ಮನಸ್ಸುಗಳೂ ನಿಧಾನವಾಗಿ ಜೊತೆಗೆ ಬರುತ್ತವೆ.

ಹತ್ತರಿಂದ ಐವತ್ತು ಜನ ಕೆಲಸ ಮಾಡುವ ಫೌಂಡೇಶನ್‌ನಲ್ಲಿ ಹೊಸದಾಗಿ ಮುಖ್ಯಸ್ಥರಾದವರು, ಪ್ರೋಗ್ರಾಮ್ ಮ್ಯಾನೇಜರ್‌ಗಳು, ಕಂಪನಿಯ ಸಿಎಸ್‌ಆರ್ ನೋಡಿಕೊಳ್ಳುವವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

1. ಮೂರು ವರ್ಷದ ಅನುದಾನದ ಪಟ್ಟಿ ಹರಡಿ

ಒಂದು ಎಕ್ಸೆಲ್ ಶೀಟ್ ಸಾಕು. ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಕೊಟ್ಟ ಪ್ರತಿ ಅನುದಾನಕ್ಕೂ ಒಂದು ಸಾಲು. ಹೆಸರು, ಮೊತ್ತ, ಅವಧಿ ಹೇಗೂ ಇರುತ್ತದೆ. ಅದರ ಪಕ್ಕ ಇವನ್ನೂ ಸೇರಿಸಿ:

- ಕೆಲಸ ನಡೆಯುವ ತಾಲ್ಲೂಕು ಯಾವುದು, ಸಂಸ್ಥೆಯ ಕಚೇರಿ ಇರುವ ತಾಲ್ಲೂಕು ಯಾವುದು
- ಸಂಸ್ಥೆಯ ವಾರ್ಷಿಕ ಬಜೆಟ್ ಎಷ್ಟು
- ಮೊದಲ ಸಲವೋ, ನವೀಕರಣವೋ
- ಮೊದಲ ಕಂತು ಒಪ್ಪಂದದ ಎಷ್ಟು ದಿನಕ್ಕೆ ಕೈಸೇರಿತು
- ನಮಗೆ ಇವರ ಪರಿಚಯ ಮಾಡಿಸಿದವರು ಯಾರು

ಕೊನೆಯ ಕಾಲಮ್ ತುಂಬಿಸಲು ಜನ ಹಿಂಜರಿಯುತ್ತಾರೆ. ಬಿಡಬೇಡಿ. ‘ಟ್ರಸ್ಟಿಯೊಬ್ಬರ ಸ್ನೇಹಿತರು’, ‘ಇನ್ನೊಂದು ಫೌಂಡೇಶನ್ ಹೇಳಿತು’, ‘ಸಮ್ಮೇಳನದಲ್ಲಿ ಸಿಕ್ಕರು’ ಎಂಬ ಮೂರು ಉತ್ತರವೇ ಪಟ್ಟಿಯ ಉದ್ದಕ್ಕೂ ಬಂದರೆ, ನಿಮ್ಮ ಬಾಗಿಲು ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ.

ತಾಲ್ಲೂಕಿನ ಕಾಲಮ್ಮನ್ನು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಪಟ್ಟಿಯ ಪಕ್ಕ ಇಟ್ಟು ನೋಡಿ. 2002ರಲ್ಲಿ ಬಂದ ಆ ವರದಿ, ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತ್ತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ತಾಲ್ಲೂಕುಗಳು ಆಗಿನ ಗುಲ್ಬರ್ಗಾ ವಿಭಾಗದವು. ಪಟ್ಟಿ ಹಳೆಯದು, ಈಚೆಗೆ ತಾಲ್ಲೂಕುಗಳೂ ಜಾಸ್ತಿಯಾಗಿವೆ, ನಿಜ. ಆದರೂ ‘ನಮ್ಮ ದುಡ್ಡು ಬೆಂಗಳೂರಿನ ವರ್ತುಲ ರಸ್ತೆ ದಾಟಿದೆಯಾ’ ಎಂದು ನೋಡಲು ಇದಕ್ಕಿಂತ ಸುಲಭದ ಅಳತೆಗೋಲು ಸಿಗುವುದಿಲ್ಲ. ಕೆಲಸದ ತಾಲ್ಲೂಕು, ಕಚೇರಿಯ ತಾಲ್ಲೂಕು ಎಂದು ಎರಡು ಕಾಲಮ್ ಕೇಳಿದ್ದು ಇದಕ್ಕೇ. ಯಾದಗಿರಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಸಂಸ್ಥೆ ಬೇರೆ, ಯಾದಗಿರಿಯದೇ ಸಂಸ್ಥೆ ಬೇರೆ. ವಾರ್ಷಿಕ ವರದಿಯ ನಕ್ಷೆಯಲ್ಲಿ ಇಬ್ಬರೂ ಒಂದೇ ಬಣ್ಣದ ಚುಕ್ಕಿಯಾಗಿಬಿಡುತ್ತಾರೆ.

ಇನ್ನು ಜಾತಿಯ ಪ್ರಶ್ನೆ. ‘ನಾವು ಜಾತಿ ಕೇಳೋದಿಲ್ಲ, ನೋಡೋದೂ ಇಲ್ಲ’ ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳುವವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ದಲಿತ, ಆದಿವಾಸಿ, ಅಲೆಮಾರಿ ಸಮುದಾಯಗಳಿಗಾಗಿ ಎಂದು ಖರ್ಚಾಗುವ ದುಡ್ಡು ಆ ಸಮುದಾಯದವರೇ ನಡೆಸುವ ಸಂಸ್ಥೆಗಳಿಗೆ ಎಷ್ಟು ಹೋಗುತ್ತಿದೆ ಎಂದು ತಿಳಿಯಬೇಕಾದರೆ ಕೇಳಲೇಬೇಕು. ಅಡ್ಡಹೆಸರು ನೋಡಿ ಊಹಿಸಿ ಭರ್ತಿ ಮಾಡುವುದು ಮಾತ್ರ ಎಲ್ಲಕ್ಕಿಂತ ಕೆಟ್ಟ ದಾರಿ. ಹೀಗೆ ಕೇಳಬಹುದು:

‘ನಿಮ್ಮ ಸಂಸ್ಥೆಯಲ್ಲಿ ತೀರ್ಮಾನ ತೆಗೆದುಕೊಳ್ಳುವ ಸ್ಥಾನದಲ್ಲಿ ಇರುವವರು ಒಟ್ಟು ಎಷ್ಟು ಜನ? ಅವರಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲೆಮಾರಿ ಸಮುದಾಯ, ಧಾರ್ಮಿಕ ಅಲ್ಪಸಂಖ್ಯಾತರು, ಅಂಗವಿಕಲರು ಎಷ್ಟೆಷ್ಟು? ಉತ್ತರಿಸುವುದು ನಿಮ್ಮ ಇಷ್ಟ. ಬಿಟ್ಟರೆ ಅರ್ಜಿಗೆ ಏನೂ ತೊಂದರೆ ಇಲ್ಲ. ಹೆಸರು ಬೇಡ, ಸಂಖ್ಯೆ ಸಾಕು. ನಾವು ಇದನ್ನು ಒಟ್ಟು ಲೆಕ್ಕಕ್ಕೆ ಮಾತ್ರ ಬಳಸುತ್ತೇವೆ.’

ಲೈಂಗಿಕ ಅಲ್ಪಸಂಖ್ಯಾತರ ವಿಷಯವನ್ನು ಈ ಸಾಲಿಗೆ ಸೇರಿಸಬೇಡಿ. ಐದು ಜನರ ಸಂಸ್ಥೆಯಲ್ಲಿ ‘ಒಬ್ಬರು’ ಎಂದು ಬರೆದರೆ ಆ ಒಬ್ಬರು ಯಾರೆಂದು ಊರಿಗೇ ಗೊತ್ತಾಗಬಹುದು. ‘ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬೇಕೆನಿಸಿದ್ದು’ ಎಂದು ಒಂದು ಖಾಲಿ ಜಾಗ ಬಿಟ್ಟರೆ ಸಾಕು.

2. ‘ಆಗುವುದಿಲ್ಲ’ ಎಂದು ಹೇಳಿ ಕಳಿಸಿದವರ ಹತ್ತಿರ ಮಾತಾಡಿ

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಗಾದೆ. ಕೈಸಾಲದಲ್ಲಿ ಅದು ಸರಿಯಿರಬಹುದು. ಅನುದಾನದಲ್ಲಿ ಪೂರ್ತಿ ಉಲ್ಟಾ. ಇಲ್ಲಿ ಕೊಡುವವನೇ ಈರಭದ್ರ, ಅವನ ಎದುರು ನಿಂತು ಯಾರೂ ನಿಜ ಹೇಳುವುದಿಲ್ಲ. ನೀವು ಫೀಲ್ಡ್ ವಿಸಿಟ್‌ಗೆ ಹೋದಾಗ ಹಾರ, ಶಾಲು, ಮಕ್ಕಳ ಸ್ವಾಗತ ಗೀತೆ, ಒಬ್ಬಟ್ಟಿನ ಊಟ. ಅಲ್ಲಿ ಕೂತು ‘ನಮ್ಮಿಂದ ಏನಾದರೂ ತೊಂದರೆ ಇದೆಯಾ’ ಎಂದರೆ ಸಿಗುವ ಉತ್ತರ ನಿಮಗೇ ಗೊತ್ತು.

ಅದಕ್ಕೇ ಮಾತಾಡಿಸುವ ಕೆಲಸವನ್ನು ಹೊರಗಿನವರಿಗೆ ಕೊಡಿ. ಕನ್ನಡದಲ್ಲಿ ಫೋನಿನಲ್ಲಿ ಮಾತಾಡಬಲ್ಲ, ನಿಮ್ಮ ಸಂಬಳದಲ್ಲಿ ಇಲ್ಲದ ಒಬ್ಬರು ಸಾಕು. ಮೂರು ಗುಂಪಿನವರ ಹತ್ತಿರ ಮಾತಾಡಲಿ: ಈಗ ದುಡ್ಡು ಪಡೆಯುತ್ತಿರುವವರು, ತಿರಸ್ಕೃತರಾದವರು, ಅರ್ಜಿ ಅರ್ಧ ತುಂಬಿಸಿ ಬಿಟ್ಟವರು. ಮೂರನೆಯವರಿಂದಲೇ ಜಾಸ್ತಿ ತಿಳಿಯುವುದು. ಪೋರ್ಟಲ್‌ನಲ್ಲಿ ಲಾಗಿನ್ ಮಾಡಿ ಯಾವ ಪುಟದಲ್ಲಿ ನಿಂತರು ಎಂಬುದು ನಿಮ್ಮ ಬಳಿಯೇ ದಾಖಲೆಯಾಗಿ ಇರುತ್ತದೆ. ಅದನ್ನು ತೆಗೆದು ನೋಡಿದ ಫೌಂಡೇಶನ್‌ಗಳು ಕಡಿಮೆ. ಮಾತಾಡಿದವರ ಸಮಯಕ್ಕೆ ಗೌರವಧನ ಕೊಡಿ, ಹೆಸರು ಗುಟ್ಟಾಗಿಡಿ, ಬಂದ ಉತ್ತರಗಳನ್ನು ನುಣುಪು ಮಾಡದೆ ಟ್ರಸ್ಟಿಗಳ ಮುಂದಿಡಿ.

ಹೊರಗಿನ ಮಾತು ಕೇಳಿ ದಾರಿ ತಿದ್ದಿಕೊಂಡದ್ದಕ್ಕೆ ದೊಡ್ಡ ಉದಾಹರಣೆಯೇ ಇದೆ. ಅಮೆರಿಕದ ಫೋರ್ಡ್ ಫೌಂಡೇಶನ್ 2015ರಲ್ಲಿ ‘ಇನ್ನು ನಮ್ಮ ಕೆಲಸವೆಲ್ಲ ಅಸಮಾನತೆಯ ವಿರುದ್ಧ’ ಎಂದು ಘೋಷಿಸಿತು. ಆ ಯೋಜನೆಯಲ್ಲಿ ಅಂಗವಿಕಲರ ಸುದ್ದಿಯೇ ಇರಲಿಲ್ಲ. ಅಂಗವಿಕಲರ ಹಕ್ಕಿನ ಹೋರಾಟಗಾರರು ನೇರವಾಗಿ ಕೇಳಿದರು. ಆಗಿನ ಅಧ್ಯಕ್ಷ ಡ್ಯಾರೆನ್ ವಾಕರ್ 2016ರಲ್ಲಿ ಅದನ್ನು ಸಾರ್ವಜನಿಕವಾಗಿಯೇ ಒಪ್ಪಿಕೊಂಡರು. ಅನುದಾನದಲ್ಲಿ ಅಂಗವೈಕಲ್ಯದ ವಿಷಯ ಸೇರಿತು. ನ್ಯೂಯಾರ್ಕಿನ ಕಟ್ಟಡವನ್ನು ನವೀಕರಿಸಿದಾಗಲೂ ಎಲ್ಲರೂ ಓಡಾಡುವಂತೆ ಮಾಡಲು ಗಮನ ಕೊಟ್ಟರು. ದೊಡ್ಡ ಸಂಸ್ಥೆಗೂ ತನ್ನ ಕಣ್ಣಿಗೆ ಬೀಳದ್ದನ್ನು ಹೊರಗಿನವರೇ ತೋರಿಸಬೇಕಾಯಿತು.

3. ಟ್ರಸ್ಟಿಗಳ ಮುಂದೆ ಒಂದೇ ಒಂದು ತೀರ್ಮಾನ ಇಡಿ

ಟ್ರಸ್ಟಿಗಳಿಗೆ ‘ಸಾಮಾಜಿಕ ನ್ಯಾಯದ ದೃಷ್ಟಿಕೋನ’ ಎಂದು ನಲವತ್ತು ಸ್ಲೈಡ್ ತೋರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಏನೂ ಮಾಡುವುದಿಲ್ಲ. ಮೂರು ವರ್ಷದ ಪಟ್ಟಿಯ ಒಂದು ಪುಟದ ಸಾರಾಂಶ ಕೊಡಿ. ಅದರ ಕೆಳಗೆ ಮತಕ್ಕೆ ಹಾಕಬಹುದಾದ ಒಂದು ನಿರ್ಣಯ ಬರೆಯಿರಿ. ಉದಾಹರಣೆಗೆ:

‘ಬರುವ ಏಪ್ರಿಲ್‌ನಿಂದ ಹೊಸ ಅನುದಾನದ ಕನಿಷ್ಠ ಮೂರನೇ ಒಂದು ಭಾಗ, ವಾರ್ಷಿಕ ಬಜೆಟ್ 50 ಲಕ್ಷ ರೂಪಾಯಿಗಿಂತ ಕಡಿಮೆ ಇರುವ, ಕೆಲಸದ ಜಿಲ್ಲೆಯಲ್ಲೇ ಕಚೇರಿ ಇರುವ ಸಂಸ್ಥೆಗಳಿಗೆ ಹೋಗಬೇಕು. ಪ್ರತಿ ತ್ರೈಮಾಸಿಕ ಸಭೆಯಲ್ಲಿ ಇದರ ಲೆಕ್ಕ ಮಂಡಿಸಬೇಕು.’

ಸಂಖ್ಯೆ ನಿಮ್ಮ ಸಂಸ್ಥೆಗೆ ತಕ್ಕಂತೆ ಬದಲಾಗಲಿ, ಆದರೆ ಸಂಖ್ಯೆ ಇರಲಿ. ‘ಆದ್ಯತೆ ನೀಡಲಾಗುವುದು’ ಎಂದು ಬರೆದರೆ ಮುಂದಿನ ವರ್ಷ ಯಾರನ್ನೂ ಏನೂ ಕೇಳಲಾಗದು.

ಸಭೆಗೆ ಮೊದಲು ಒಬ್ಬೊಬ್ಬ ಟ್ರಸ್ಟಿಯನ್ನೂ ಬೇರೆಬೇರೆಯಾಗಿ ಕಂಡು ಮಾತಾಡುವುದು ಒಳ್ಳೆಯದು. ವಿರೋಧ ಸಾಮಾನ್ಯವಾಗಿ ‘ರಿಸ್ಕ್’ ಎಂಬ ಹೆಸರಲ್ಲಿ ಬರುತ್ತದೆ. ಸಣ್ಣ ಸಂಸ್ಥೆ, ಲೆಕ್ಕ ಸರಿ ಇಡುತ್ತಾರೋ ಇಲ್ಲವೋ ಎಂಬ ಅನುಮಾನ. ಅದಕ್ಕೆ ಜಗಳ ಬೇಡ. ‘ಹಾಗಾದರೆ ಲೆಕ್ಕ ಇಡುವವರ ಸಂಬಳವನ್ನೂ ನಾವೇ ಕೊಡೋಣ’ ಎನ್ನಿ. ಈ ಮಾತು ಐದನೇ ಹೆಜ್ಜೆಯಲ್ಲಿ ಮತ್ತೆ ಬರುತ್ತದೆ.

4. ಅರ್ಜಿ ಫಾರ್ಮನ್ನು ಒಡೆದು ಕಟ್ಟಿ

ಸಿಂಧನೂರಿನ ಒಂದು ಮಹಿಳಾ ಸಂಘದ ಕಾರ್ಯದರ್ಶಿ ನಿಮ್ಮ ಪೋರ್ಟಲ್ ತೆರೆದರು ಎಂದುಕೊಳ್ಳಿ. ಅರ್ಜಿ ಇಂಗ್ಲಿಷಿನಲ್ಲಿದೆ. ‘ನಿಮ್ಮ ಥಿಯರಿ ಆಫ್ ಚೇಂಜ್ ವಿವರಿಸಿ, 2000 ಅಕ್ಷರ ಮೀರದಂತೆ’ ಎಂದಿದೆ. ನಿಮ್ಮ ಕೆಲಸದಿಂದ ಬದಲಾವಣೆ ಹೇಗೆ ಆಗುತ್ತದೆ ಎಂಬ ವಿವರಣೆಗೆ ಇಟ್ಟ ಹೆಸರು ಅದು. ಅವರು ಕನ್ನಡದಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟುಕೊಂಡಿದ್ದಾರೆ, ಹಳೆಯ ಫಾಂಟ್. ಕಾಪಿ ಮಾಡಿ ಪೋರ್ಟಲ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆಡಿಟ್ ವರದಿಯ ಸ್ಕ್ಯಾನ್ 6 ಎಂಬಿ ಇದೆ, ಪೋರ್ಟಲ್ 2 ಎಂಬಿ ಮಾತ್ರ ತೆಗೆದುಕೊಳ್ಳುತ್ತದೆ. ಸೈಬರ್ ಸೆಂಟರ್‌ನವನು ಒಂದು ಪುಟಕ್ಕೆ ಇಷ್ಟು ಎಂದು ಕೇಳುತ್ತಾನೆ. ಸಂಜೆ ಕರೆಂಟು ಹೋಗುತ್ತದೆ. ಅವರ ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂಬ ಪ್ರಶ್ನೆ ಇಷ್ಟರವರೆಗೂ ಬಂದೇ ಇಲ್ಲ, ಗಮನಿಸಿ.

ಆಗಬೇಕಾದ್ದು ಕಷ್ಟದ್ದೇನಲ್ಲ. ಅರ್ಜಿ ಕನ್ನಡದಲ್ಲಿರಲಿ, ಉತ್ತರ ಕನ್ನಡದಲ್ಲಿ ಬಂದರೆ ಅನುವಾದದ ಹೊರೆ ಫೌಂಡೇಶನ್ ಹೊರಲಿ. ನುಡಿ ಕಡತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಆ ಕೆಲಸ ನಿಮ್ಮ ಕಚೇರಿಯಲ್ಲಿ ಆಗಲಿ. ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದರೂ ಮೊದಲ ಸುತ್ತಿಗೆ ಸ್ವೀಕರಿಸಿ. ಕೈಬರಹದ ಪತ್ರದ ಫೋಟೋ ಆದರೂ ಸರಿಯೇ.

ಮೊದಲ ಸುತ್ತಿನಲ್ಲಿ ನಾಲ್ಕು ಪ್ರಶ್ನೆ ಸಾಕು. ನೀವು ಯಾರ ಜೊತೆ ಕೆಲಸ ಮಾಡುತ್ತೀರಿ? ಅವರಿಗೆ ಏನು ಬೇಕು ಎಂದು ನಿಮಗೆ ಹೇಗೆ ಗೊತ್ತಾಯಿತು? ಮುಂದಿನ ಎರಡು ವರ್ಷದಲ್ಲಿ ಏನು ಮಾಡಬೇಕೆಂದಿದ್ದೀರಿ? ಅದಕ್ಕೆ ಅಂದಾಜು ಎಷ್ಟು ಬೇಕು? ಥಿಯರಿ ಆಫ್ ಚೇಂಜ್ ಎಂದು ನೀವು ಕೇಳುತ್ತಿದ್ದುದು ಎರಡನೇ, ಮೂರನೇ ಪ್ರಶ್ನೆಯ ಉತ್ತರದಲ್ಲೇ ಇರುತ್ತದೆ. ಆಡಿಟ್ ವರದಿ, 12ಎ, 80ಜಿ (ಆದಾಯ ತೆರಿಗೆ ವಿನಾಯಿತಿಯ ನೋಂದಣಿಗಳು), ಪ್ಯಾನ್ ಇವೆಲ್ಲ ಎರಡನೇ ಸುತ್ತಿಗೆ, ಅದೂ ಆಯ್ಕೆಯ ಹತ್ತಿರ ಬಂದವರಿಗೆ ಮಾತ್ರ.

ತಿರಸ್ಕರಿಸಿದಾಗ ಕಾರಣವನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿ. ‘ಅತ್ಯುತ್ತಮ ಅರ್ಜಿಗಳು ಬಹಳ ಬಂದಿದ್ದವು’ ಎಂಬುದು ಕಾರಣ ಅಲ್ಲ.

5. ದುಡ್ಡು ಕೊಡುವ ರೀತಿ ಬದಲಾಗದಿದ್ದರೆ ಉಳಿದದ್ದೆಲ್ಲ ಸುಮ್ನೆ

ಒಂದು ಅಂದಾಜು ಲೆಕ್ಕ ಹಾಕೋಣ. ಸಣ್ಣ ಸಂಸ್ಥೆ. ನಾಲ್ಕು ಕ್ಷೇತ್ರ ಕಾರ್ಯಕರ್ತರು, ತಿಂಗಳಿಗೆ ತಲಾ 18,000 ರೂ., ವರ್ಷಕ್ಕೆ 8,64,000. ತರಬೇತಿ, ಓಡಾಟ 6,00,000. ಸಾಮಗ್ರಿ 3,00,000. ‘ಯೋಜನೆ’ಯ ಲೆಕ್ಕ ಒಟ್ಟು 17,64,000 ರೂ.

ಈಗ ಕಾಣದ ಖರ್ಚು. ಕಚೇರಿ ಬಾಡಿಗೆ ತಿಂಗಳಿಗೆ 12,000, ಅರೆಕಾಲಿಕ ಲೆಕ್ಕಿಗರಿಗೆ 10,000, ಕರೆಂಟು, ಇಂಟರ್ನೆಟ್, ಫೋನ್ 5,000, ಸಂಸ್ಥೆ ನಡೆಸುವವರ ಸಂಬಳದಲ್ಲಿ ಈ ಯೋಜನೆಯ ಪಾಲು 15,000. ಜೊತೆಗೆ ವರ್ಷಕ್ಕೆ ಆಡಿಟ್ ಶುಲ್ಕ 40,000. ಎಲ್ಲ ಸೇರಿ ವರ್ಷಕ್ಕೆ 5,44,000 ರೂ. ಅಂದರೆ ಯೋಜನೆಯ ಖರ್ಚಿನ ಶೇ 31ರಷ್ಟು.

ಈ ಕಾಣದ ಖರ್ಚಿಗೆ, ಅಂದರೆ ಓವರ್‌ಹೆಡ್‌ಗೆ, ‘ಶೇ 5 ಮಾತ್ರ’ ಎನ್ನುವ ಫೌಂಡೇಶನ್ ಇದಕ್ಕೆ ಕೊಡುವುದು 88,200 ರೂ. ಉಳಿದ ನಾಲ್ಕೂವರೆ ಲಕ್ಷ ಎಲ್ಲಿಂದ ಬರಬೇಕು? ಸಂಸ್ಥೆ ನಡೆಸುವವರು ಅನುಕೂಲಸ್ಥ ಮನೆಯವರಾದರೆ ಸಂಬಳ ಬಿಡುತ್ತಾರೆ, ಸ್ವಂತ ಮನೆಯ ಕೆಳಗಡೆ ಕಚೇರಿ ಮಾಡುತ್ತಾರೆ, ಪರಿಚಯದ ಆಡಿಟರ್ ಬಿಟ್ಟಿ ಮಾಡಿಕೊಡುತ್ತಾರೆ. ದೇವದಾಸಿ ತಾಯಂದಿರ ಮಕ್ಕಳು ಕಟ್ಟಿಕೊಂಡ ಸಂಘ, ಪೌರಕಾರ್ಮಿಕರ ಮಕ್ಕಳು ನಡೆಸುವ ಕಲಿಕಾ ಕೇಂದ್ರ ಇದನ್ನು ಎಲ್ಲಿಂದ ತಂದಾವು? ಶೇ 5ರ ಮಿತಿ ಜಾತಿಯ ಹೆಸರೆತ್ತುವುದಿಲ್ಲ. ಆದರೆ ಯಾರು ಉಳಿಯುತ್ತಾರೆ, ಯಾರು ಮುಚ್ಚಿಕೊಂಡು ಹೋಗುತ್ತಾರೆ ಎಂದು ಸೋಸುವುದು ಅದೇ. ಈ ಇಡೀ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಇಡಲು ನಿಮಗೆ ಸಾಧ್ಯವಿದ್ದರೆ ಅದು ಇದಾಗಲಿ.

‘ಕಾನೂನೇ ಶೇ 5 ಎಂದಿದೆಯಲ್ಲ’ ಎಂದು ಕಂಪನಿಯ ಹಣಕಾಸು ವಿಭಾಗ ಹೇಳುತ್ತದೆ. ಸ್ವಲ್ಪ ನಿಂತು ಓದಬೇಕು. 2021ರ ಜನವರಿಯಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮದಲ್ಲಿ ಶೇ 5ರ ಮಿತಿ ಇರುವುದು ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ, ಅಂದರೆ ಸಿಎಸ್‌ಆರ್ ವಿಭಾಗ ನಡೆಸಲು ಕಂಪನಿ ಮಾಡುವ ಖರ್ಚಿಗೆ. ಒಂದು ಯೋಜನೆಯನ್ನು ರೂಪಿಸಿ, ನಡೆಸಿ, ಮೇಲ್ವಿಚಾರಣೆ ಮಾಡಲು ನೇರವಾಗಿ ತಗಲುವ ಖರ್ಚು ಅದರಲ್ಲಿ ಬರುವುದಿಲ್ಲ. ಸಂಸ್ಥೆಯ ಲೆಕ್ಕಿಗರ ಸಂಬಳವನ್ನು ಈ ಮಿತಿಗೆ ತುರುಕುವುದು ರೂಢಿ, ನಿಯಮ ಅಲ್ಲ. ನಿಮ್ಮ ಆಡಿಟರ್ ಜೊತೆ ಕೂತು ಬಜೆಟ್ ಸಾಲುಗಳನ್ನು ಸರಿಯಾಗಿ ಬರೆದುಕೊಳ್ಳಿ.

ವಿದೇಶಿ ದೇಣಿಗೆಗೆ ಬೇಲಿ ಬೇರೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವುದನ್ನೂ ನಿಲ್ಲಿಸಿತು. ಮೊದಲೆಲ್ಲ ದೊಡ್ಡ ಸಂಸ್ಥೆಯ ಮೂಲಕ ಸಣ್ಣವಕ್ಕೆ ಹೋಗುತ್ತಿದ್ದ ದಾರಿ ಹೀಗೆ ಮುಚ್ಚಿತು. ನಿಮ್ಮ ಬಳಿ ದೇಶದೊಳಗಿನ ದುಡ್ಡು ಇದ್ದರೆ, ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಂಘಗಳಿಗೆ ಅದನ್ನು ಕೊಡಲು ಇದೇ ದೊಡ್ಡ ಕಾರಣ. ಅವರಿಗೆ ಬೇರೆ ಬಾಗಿಲೇ ಇಲ್ಲ.

ಸಿಎಸ್‌ಆರ್ ಹಣಕ್ಕೂ ಬೇಲಿಗಳಿವೆ: ಸಂಸ್ಥೆಗೆ ಸಿಎಸ್‌ಆರ್-1 ನೋಂದಣಿ, 12ಎ, 80ಜಿ, ಮೂರು ವರ್ಷದ ಅನುಭವ ಬೇಕು. ಈಗಷ್ಟೇ ಶುರುವಾದ ಗುಂಪುಗಳಿಗೆ ಅದು ತಲುಪುವುದಿಲ್ಲ. ಕುಟುಂಬದ ಟ್ರಸ್ಟ್‌ಗಳು ವ್ಯಕ್ತಿಗಳಿಗೆ ಫೆಲೋಶಿಪ್ ಕೊಟ್ಟು, ಜೊತೆಗೆ ನೋಂದಣಿಯ ಖರ್ಚನ್ನೂ ಹೊತ್ತು ಆ ಮೂರು ವರ್ಷ ದಾಟಿಸಬಹುದು.

ಇನ್ನು ಕಂತಿನ ಕಥೆ. ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ. ಹಣ ಹೇಗೆ ಖರ್ಚಾಯಿತು ಎಂಬ ಯುಟಿಲೈಸೇಶನ್ ಸರ್ಟಿಫಿಕೇಟ್‌ಗೆ (ಯುಸಿ) ಸಿಎ ಸಹಿ ಬೇಕು, ಸಿಎ ಏಪ್ರಿಲ್ ಪೂರ್ತಿ ಸಿಗುವುದಿಲ್ಲ. ಯುಸಿ ಬಂದ ಮೇಲೆ ನಿಮ್ಮ ಪರಿಶೀಲನೆ, ಆಮೇಲೆ ಸಹಿ. ಹಣ ಬಿಡುಗಡೆಯಾಗುವಷ್ಟರಲ್ಲಿ ಜುಲೈ. ನಡುವಿನ ಮೂರು ತಿಂಗಳು ಕ್ಷೇತ್ರ ಕಾರ್ಯಕರ್ತರಿಗೆ ಸಂಬಳ ಇಲ್ಲ. ಶಾಲೆಗಳು ಶುರುವಾಗುವುದೂ ಆಗಲೇ, ಫೀಸು, ಪುಸ್ತಕ, ಬಟ್ಟೆ ಎಲ್ಲ ಒಟ್ಟಿಗೆ. ಸಂಘದ ಮುಖ್ಯಸ್ಥೆ ಒಡವೆ ಅಡವಿಟ್ಟು ಸಂಬಳ ಕೊಟ್ಟದ್ದನ್ನು ನಿಮ್ಮ ಪ್ರಗತಿ ವರದಿಯ ಯಾವ ಕಾಲಮ್ಮೂ ಕೇಳುವುದಿಲ್ಲ.

ಇದಕ್ಕೆ ಮದ್ದು: ಮೂರು ವರ್ಷದ ಒಪ್ಪಂದ, ಮುಂಗಡ ಕಂತು, ವರ್ಷದ ಕೊನೆಯಲ್ಲಿ ಮುಂದಿನ ತ್ರೈಮಾಸಿಕದ ಸಂಬಳದಷ್ಟು ಹಣ ಸಂಸ್ಥೆಯ ಕೈಯಲ್ಲಿ ಉಳಿಯುವಂತೆ ಕಂತುಗಳ ಜೋಡಣೆ. ಸಿಎಸ್‌ಆರ್‌ನಲ್ಲೂ ಬಹುವರ್ಷದ ‘ಚಾಲ್ತಿ ಯೋಜನೆ’ಗೆ ಅವಕಾಶ ಇದೆ, ಆರಂಭದ ವರ್ಷ ಬಿಟ್ಟು ಮೂರು ವರ್ಷದವರೆಗೆ.

ಹೀಗೆ ಕೊಟ್ಟವರು ಇಲ್ಲದೆ ಇಲ್ಲ. ಫೋರ್ಡ್ ಫೌಂಡೇಶನ್ ‘ಬಿಲ್ಡ್’ ಎಂಬ ಕಾರ್ಯಕ್ರಮದಲ್ಲಿ 100 ಕೋಟಿ ಡಾಲರನ್ನು ಐದು ವರ್ಷದ ಅನುದಾನಗಳಾಗಿ, ಸಂಸ್ಥೆಗಳು ತಮಗೆ ಬೇಕಾದ ಹಾಗೆ ಬಳಸುವಂತೆ ಇಟ್ಟಿತು. ನಮ್ಮಲ್ಲಿ ಎಡೆಲ್‌ಗಿವ್ ಫೌಂಡೇಶನ್ 2021ರಲ್ಲಿ ಇತರ ದಾನಿಗಳನ್ನು ಸೇರಿಸಿಕೊಂಡು ಶುರು ಮಾಡಿದ ಗ್ರೋ ಫಂಡ್ 100 ತಳಮಟ್ಟದ ಸಂಸ್ಥೆಗಳ ಸಂಬಳ, ಬಾಡಿಗೆಯಂಥ ಮೂಲ ಖರ್ಚಿಗೇ ಹಣ ಕೊಟ್ಟಿತು. ಟ್ರಸ್ಟಿಗಳಿಗೆ ‘ಬೇರೆ ಯಾರು ಮಾಡಿದ್ದಾರೆ’ ಎಂಬುದು ಬಹಳ ಮುಖ್ಯ. ಈ ಎರಡು ಹೆಸರು ಜೇಬಿನಲ್ಲಿ ಇಟ್ಟುಕೊಳ್ಳಿ.

6. ತೀರ್ಮಾನದ ಮೇಜಿಗೆ ಹೊಸ ಕುರ್ಚಿ

ಎಲ್ಲ ತೀರ್ಮಾನವನ್ನೂ ಒಂದೇ ಸಲ ಸಮುದಾಯಕ್ಕೆ ಬಿಡಿ ಎಂದರೆ ಯಾವ ಟ್ರಸ್ಟೂ ಒಪ್ಪುವುದಿಲ್ಲ. ಅನುದಾನದ ಹತ್ತನೇ ಒಂದು ಭಾಗದಿಂದ ಶುರು ಮಾಡಿ. ಅಷ್ಟರ ಮಟ್ಟಿಗೆ ಆಯ್ಕೆ ಸಮಿತಿಯಲ್ಲಿ ಫೌಂಡೇಶನ್‌ನವರು ಅಲ್ಪಸಂಖ್ಯೆಯಲ್ಲಿ ಇರಲಿ. ಯುವ ಸ್ತ್ರೀವಾದಿ ಗುಂಪುಗಳಿಗೆ ನೆರವು ಕೊಡುವ ಫ್ರಿಡಾ ನಿಧಿಯಲ್ಲಿ ಅರ್ಜಿ ಹಾಕಿದ ಗುಂಪುಗಳೇ ಒಬ್ಬರ ಅರ್ಜಿಗೆ ಇನ್ನೊಬ್ಬರು ಮತ ಹಾಕುತ್ತವೆ. ಅಮೆರಿಕದ ದಾನಿ ಮೆಕೆಂಜಿ ಸ್ಕಾಟ್ ಅವರ ಯೀಲ್ಡ್ ಗಿವಿಂಗ್ 2023ರಲ್ಲಿ ಬಹಿರಂಗ ಆಹ್ವಾನ ಕೊಟ್ಟಾಗ 6,353 ಅರ್ಜಿಗಳು ಬಂದವು. ಮೊದಲ ಸುತ್ತಿನಲ್ಲಿ ಅರ್ಜಿದಾರರೇ ಪರಸ್ಪರ ಅಂಕ ಹಾಕಿದರು. 250 ಸಂಸ್ಥೆಗೆ ಕೊಡುವ ಅಂದಾಜಿತ್ತು, 2024ರಲ್ಲಿ 361ಕ್ಕೆ ಕೊಟ್ಟರು.

ಕರೆದು ಕೂರಿಸಿದರೆ ಮುಗಿಯಲಿಲ್ಲ. ಕೂಲಿ ಬಿಟ್ಟು ಬರುವವರಿಗೆ ಆ ದಿನದ ಕೂಲಿಗಿಂತ ಕಡಿಮೆಯಲ್ಲದ ಗೌರವಧನ, ಬಸ್ ಚಾರ್ಜು, ಮಗು ಇದ್ದರೆ ನೋಡಿಕೊಳ್ಳುವವರು, ಕಿವುಡ ಸದಸ್ಯರಿಗೆ ಸನ್ನೆ ಭಾಷೆಯ ದುಭಾಷಿ, ಇವೆಲ್ಲ ಸಭೆಯ ಬಜೆಟ್‌ನಲ್ಲೇ ಇರಲಿ. ಸಭೆ ಕನ್ನಡದಲ್ಲಿ ನಡೆಯಲಿ. ಇಂಗ್ಲಿಷ್ ಮಾತ್ರ ಬರುವ ಟ್ರಸ್ಟಿಗೆ ಪಕ್ಕದಲ್ಲಿ ಯಾರಾದರೂ ಅನುವಾದ ಮಾಡಿ ಹೇಳಲಿ. ಒಂದು ಸಲ ಅವರೂ ಪಿಸುಮಾತಿನಲ್ಲಿ ಸಭೆ ಕೇಳಿ ನೋಡಲಿ, ಅಲ್ವಾ?

ಒಬ್ಬರನ್ನೇ ಕರೆಯಬೇಡಿ. ಒಂಬತ್ತು ಜನರ ನಡುವೆ ಒಬ್ಬ ದಲಿತ ಮಹಿಳೆಯನ್ನು ಕೂರಿಸಿ ‘ನಿಮ್ಮ ಸಮುದಾಯ ಏನನ್ನುತ್ತದೆ’ ಎಂದು ಕೇಳುವುದು ಅನ್ಯಾಯ. ಕನಿಷ್ಠ ಮೂವರು ಇದ್ದರೆ ಅವರವರಲ್ಲೇ ಭಿನ್ನಾಭಿಪ್ರಾಯ ಬರುತ್ತದೆ, ಚರ್ಚೆ ನಿಜವಾಗಿ ಶುರುವಾಗುವುದು ಆಗಲೇ. ತಮ್ಮ ಸಂಬಂಧಿಕರ ಸಂಸ್ಥೆಯ ಅರ್ಜಿ ಬಂದಾಗ ಎದ್ದು ಹೊರಹೋಗುವ ನಿಯಮ ಎಲ್ಲರಿಗೂ ಒಂದೇ ಇರಲಿ, ಟ್ರಸ್ಟಿಗಳಿಗೂ.

7. ಕಚೇರಿಯೊಳಗೆ

ಕೆಲಸದ ಜಾಹೀರಾತು ತೆಗೆದು ನೋಡಿ. ‘ಪ್ರತಿಷ್ಠಿತ ಸಂಸ್ಥೆಯಿಂದ ಸ್ನಾತಕೋತ್ತರ ಪದವಿ, ಅತ್ಯುತ್ತಮ ಇಂಗ್ಲಿಷ್’ ಎಂದಿರುತ್ತದೆ. ಕಲಬುರಗಿಯಲ್ಲಿ ಹತ್ತು ವರ್ಷ ಸ್ವಸಹಾಯ ಸಂಘ ಕಟ್ಟಿದವರು ಅಲ್ಲೇ ಹೊರಗುಳಿದರು. ಅದರ ಬದಲು: ‘ಪದವಿ ಅಥವಾ ಐದು ವರ್ಷದ ಕ್ಷೇತ್ರ ಅನುಭವ. ಕನ್ನಡ ಓದಿ ಬರೆಯಲು ಚೆನ್ನಾಗಿ ಬರಬೇಕು. ಇಂಗ್ಲಿಷ್ ಅರ್ಥವಾದರೆ ಸಾಕು. ಸಂಬಳ ತಿಂಗಳಿಗೆ ಇಷ್ಟು.’ ಸಂಬಳದ ಅಂಕಿ ಬರೆಯಲೇಬೇಕು. ಬರೆಯದಿದ್ದರೆ ಚೌಕಾಸಿ ಮಾಡಲು ಗೊತ್ತಿದ್ದವರಿಗೆ ಜಾಸ್ತಿ, ಗೊತ್ತಿಲ್ಲದವರಿಗೆ ಕಡಿಮೆ ಆಗುತ್ತದೆ.

ಹೌಸ್‌ಕೀಪಿಂಗ್, ಸೆಕ್ಯುರಿಟಿ, ಡ್ರೈವರ್ ಬಹುಮಟ್ಟಿಗೆ ಗುತ್ತಿಗೆಯವರು. ಅವರ ಪಿಎಫ್, ಇಎಸ್‌ಐ ಕಟ್ಟುತ್ತಿದ್ದಾರಾ ಎಂದು ಗುತ್ತಿಗೆದಾರರ ಚಲನ್ ಕೇಳಿ ನೋಡಿ. ಕಾರ್ಮಿಕರ ಹಕ್ಕಿಗೆ ಅನುದಾನ ಕೊಡುವ ಕಚೇರಿಗೆ ಇದು ತೀರಾ ಹತ್ತಿರದ ಪರೀಕ್ಷೆ. ಹತ್ತು ಅಥವಾ ಹೆಚ್ಚು ನೌಕರರಿದ್ದರೆ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ ಇರಲೇಬೇಕು. ಅದರ ದೂರವಾಣಿ ಸಂಖ್ಯೆಯನ್ನು ಅನುದಾನ ಪಡೆಯುವ ಸಂಸ್ಥೆಗಳಿಗೂ ಕನ್ನಡದಲ್ಲಿ ಕಳಿಸಿ. ಕಚೇರಿಗೆ ಗಾಲಿಕುರ್ಚಿ ಬರುತ್ತದಾ, ಶೌಚಾಲಯದ ಬಾಗಿಲು ಅಷ್ಟು ಅಗಲ ಇದೆಯಾ ಎಂಬುದನ್ನು ಟೇಪು ಹಿಡಿದೇ ಅಳೆಯಿರಿ.

ಮತ್ತೊಂದು ಮಾತು. ಈ ಬದಲಾವಣೆಯ ಕೆಲಸವನ್ನು ಕಚೇರಿಯಲ್ಲಿ ಇರುವ ಒಬ್ಬ ದಲಿತ ಅಥವಾ ಮುಸ್ಲಿಂ ಸಹೋದ್ಯೋಗಿಯ ತಲೆಗೆ ಕಟ್ಟುವ ಚಾಳಿ ಎಲ್ಲ ಕಡೆ ಇದೆ. ‘ನಿಮಗೇ ಚೆನ್ನಾಗಿ ಅರ್ಥವಾಗುತ್ತಲ್ವಾ’ ಎಂದು ಅವರ ಮೂಲ ಕೆಲಸದ ಮೇಲೆ ಇನ್ನೊಂದು ಕೆಲಸ, ಸಂಬಳ ಅಷ್ಟೇ, ಸಿಟ್ಟೆಲ್ಲ ಅವರ ಮೇಲೆ. ಮುಖ್ಯಸ್ಥರೇ ಇದರ ಹೊಣೆ ಹೊರಬೇಕು. ಅವರ ವಾರ್ಷಿಕ ಮೌಲ್ಯಮಾಪನದಲ್ಲಿ ಇದು ಒಂದು ಸಾಲಾಗಬೇಕು. ಬೇರೆಯವರಿಗೆ ಕೊಟ್ಟರೆ ಸಮಯ, ಅಧಿಕಾರ, ಭತ್ಯೆ ಮೂರನ್ನೂ ಕೊಡಿ. ಕಾರ್ಯಾಗಾರ ಮಾಡುವುದಾದರೆ ಈ ಹಂತದಲ್ಲಿ ಮಾಡಿ. ಮಾತಾಡಲು ಎದುರಿಗೆ ನಿಮ್ಮದೇ ಪಟ್ಟಿ, ನಿಮ್ಮದೇ ಅರ್ಜಿ ಇರುತ್ತದೆ. ಚರ್ಚೆ ಹಾರಿಹೋಗುವುದಿಲ್ಲ.

8. ಯಾವಾಗ ಶುರು ಮಾಡಬೇಕು

ಸೆಪ್ಟೆಂಬರ್‌ನಲ್ಲಿ. ಏಪ್ರಿಲ್‌ನ ಅನುದಾನಗಳು ತೀರ್ಮಾನವಾಗುವುದು ಜನವರಿ, ಫೆಬ್ರವರಿಯಲ್ಲಿ. ಸೆಪ್ಟೆಂಬರ್‌ನಲ್ಲಿ ಪಟ್ಟಿ ಮಾಡಿ, ಅಕ್ಟೋಬರ್‌ನಲ್ಲಿ ಫೋನಿನ ಮಾತುಕತೆ ಮುಗಿಸಿ. ದೀಪಾವಳಿ ಕಳೆದ ಮೇಲಿನ ಬೋರ್ಡ್ ಸಭೆಗೆ ನಿರ್ಣಯ ತನ್ನಿ. ಡಿಸೆಂಬರ್‌ನಲ್ಲಿ ಹೊಸ ಫಾರ್ಮನ್ನು ಬೇರೆಬೇರೆ ಜಿಲ್ಲೆಯ ನಾಲ್ಕೈದು ಸಂಘಗಳ ಕೈಯಲ್ಲಿ ತುಂಬಿಸಿ ನೋಡಿ, ಅವರು ತಡವರಿಸಿದ ಕಡೆಯೆಲ್ಲ ತಿದ್ದಿ. ಜನವರಿ, ಫೆಬ್ರವರಿಯಲ್ಲಿ ಆ ಫಾರ್ಮಿನ ಮೇಲೇ ಆಯ್ಕೆ ನಡೆಯಲಿ. ಹೊಸ ಸಮಿತಿ ಕೂರುವುದೂ ಆಗಲೇ. ಮಾರ್ಚ್‌ನೊಳಗೆ ಮೂರು ವರ್ಷದ ಒಪ್ಪಂದದ ಕರಡು ವಕೀಲರ, ಆಡಿಟರ ಕೈ ದಾಟಿರಬೇಕು. ಸಿಬ್ಬಂದಿ ನೇಮಕ, ಸಂಬಳದ ಬದಲಾವಣೆ ಎರಡನೇ ವರ್ಷಕ್ಕೆ ಹೋದರೂ ಚಿಂತೆಯಿಲ್ಲ.

ಮುಂದಿನ ಸೆಪ್ಟೆಂಬರ್‌ನಲ್ಲಿ ಅದೇ ಎಕ್ಸೆಲ್ ಶೀಟಿಗೆ ಹೊಸ ಸಾಲುಗಳನ್ನು ಸೇರಿಸಿ. ‘ಪರಿಚಯ ಮಾಡಿಸಿದವರು’ ಕಾಲಮ್ಮಿನಲ್ಲಿ ‘ಯಾರೂ ಇಲ್ಲ, ತಾವೇ ಅರ್ಜಿ ಹಾಕಿದರು’ ಎಂಬ ಉತ್ತರ ಎಷ್ಟು ಸಲ ಬಂದಿದೆ ಎಂದು ಎಣಿಸಿ ಟ್ರಸ್ಟಿಗಳಿಗೆ ಕಳಿಸಿ.